ಏಳನೆಯ ವರ್ಷದ ದಂತಪರೀಕ್ಷೆ

ಹೇಗೂ ಬೀಳತಕ್ಕ ಹಲ್ಲು, ಹುಳುಕಾದರೆ ಕಿತ್ತರಾಯಿತು ಎಂದು ಹಾಲುಹಲ್ಲಿನ ವಿಷಯದಲ್ಲಿ ಹಿರಿಯರು ಹೇಳುವುದುಂಟು. ಎಂಟನೆಯ ವಯಸ್ಸಿನಲ್ಲಿ ನಮ್ಮ ಕೆಳದವಡೆಯ ಹಾಲುಹಲ್ಲೊಂದು ಹೀಗೆಯೇ ಹೋಯಿತು. ಅದರ ಸ್ಥಾನಕ್ಕೆ ಬರಬೇಕಾಗಿದ್ದ ಹಲ್ಲು ಇಂದು ಸಾಲನ್ನು ಬಿಟ್ಟು ನಾಲಗೆಯ ಕಡೆಗೆ ವಾಲಿ ನಿಂತಿದೆ. ಇದರ ಕಾರಣವು ಬಲವಿಜ್ಞಾನದ ಪಾಠ ಹೇಳುವ ನಮಗೂ ಬಹುಕಾಲ ಹೊಳೆದಿರಲಿಲ್ಲ.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಸ್ಥಿರವಾದುದೆಂದು ತೋರುತ್ತದೆ. ವಾಸ್ತವವಾಗಿ ಅದರ ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ, ನಾರುಗಳಿಂದ ಕೂಡಿದ ಪೊರೆಯಿದೆ. ಹಲ್ಲನ್ನು ಒಂದು ಪಕ್ಕಕ್ಕೆ ಸತತವಾಗಿ ಒತ್ತಿದರೆ ಒತ್ತಡ ಬಿದ್ದ ಕಡೆಯ ಎಲುಬು ಕರಗುತ್ತದೆ. ಪೊರೆ ಹಿಗ್ಗಿದ ಕಡೆಯಲ್ಲಿ ಹೊಸ ಎಲುಬು ಬೆಳೆಯುತ್ತದೆ. 1904ರಲ್ಲಿ ಸಾಂಡ್‌ಸ್ಟೆಟ್ ಎಂಬವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದು ಸ್ಪಷ್ಟವಾಯಿತು.

ಇಲ್ಲೊಂದು ಸ್ವಾರಸ್ಯವುಂಟು. ಅಗಿಯುವಾಗ ಹಲ್ಲಿನ ಮೇಲೆ ಹಲವು ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೀಳುತ್ತದೆ. ಆದರೂ ಹಲ್ಲು ಕದಲದು. ಏಕೆಂದರೆ ಆ ಬಲವು ಒಂದು ಸೆಕೆಂಡೂ ನಿಲ್ಲುವುದಿಲ್ಲ, ಮತ್ತು ಪೊರೆಯಲ್ಲಿರುವ ದ್ರವವು ಅದನ್ನು ತಡೆದುಕೊಳ್ಳುತ್ತದೆ. ಆದರೆ ಮಗು ರಾತ್ರಿಯೆಲ್ಲ ಹೆಬ್ಬೆರಳು ಚೀಪಿದರೆ ಅದಕ್ಕಿಂತ ಎಷ್ಟೋ ಅಲ್ಪವಾದ ಬಲವೇ ಮುಂದಿನ ಹಲ್ಲುಗಳನ್ನು ಹೊರಕ್ಕೆ ದೂಡಬಲ್ಲುದು. ಬಲದ ಪ್ರಮಾಣಕ್ಕಿಂತ ಅದು ವರ್ತಿಸುವ ಕಾಲವೇ ಇಲ್ಲಿ ಮುಖ್ಯ. ಬಲವನ್ನು ಹೆಚ್ಚಿಸಿದರೆ ಕೆಲಸ ಬೇಗ ಆದೀತೆಂದು ಎಣಿಸುವುದೂ ತಪ್ಪು: ಅತಿಯಾದ ಒತ್ತಡದಿಂದ ಪೊರೆಯಲ್ಲಿ ರಕ್ತಸಂಚಾರ ನಿಂತು ಚಲನೆ ಕುಂಠಿತವಾಗುತ್ತದೆ. ಆದುದರಿಂದಲೇ ವೈದ್ಯರ ತಂತಿ ಹಲ್ಲನ್ನು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಸರಿಸುತ್ತದೆ.

ಈಗ ನಮ್ಮ ಹಲ್ಲಿನ ಕಥೆಗೆ ಬರೋಣ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲನೆಯ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದರ ಮುಂದಿರುವ ಹಾಲುಹಲ್ಲನ್ನು ಅಕಾಲದಲ್ಲಿ ಕಿತ್ತರೆ ಅದು ತೆರವಾದ ಜಾಗಕ್ಕೆ ವಾಲುತ್ತದೆ. ಹನ್ನೊಂದು ಹನ್ನೆರಡನೆಯ ವರ್ಷದಲ್ಲಿ ಅಲ್ಲಿ ಹುಟ್ಟಬೇಕಾದ ಹಲ್ಲಿಗೆ ಎಡೆ ಎಲ್ಲಿ? ಲೋಹದ ಒಂದು ಪಟ್ಟಿ ಮತ್ತು ಕುಣಿಕೆಯಿಂದ ಆ ಜಾಗವನ್ನು ಕಾಯ್ದಿಡಬಹುದಾಗಿತ್ತು.

ಅಮೆರಿಕದ ದಂತಜೋಡಣಾ ತಜ್ಞರ ಸಂಘವು ಏಳನೆಯ ವರ್ಷದೊಳಗೆ ಮಗುವಿಗೆ ಮೊದಲ ಪರೀಕ್ಷೆ ಆಗಬೇಕೆಂದು ಸಲಹೆ ಮಾಡಿದೆ. ಆ ವೇಳೆಗೆ ಶಾಶ್ವತ ದವಡೆಹಲ್ಲುಗಳೂ ಕೆಲವು ಬಾಚಿಹಲ್ಲುಗಳೂ ಮೂಡಿ, ಮೇಲಣ ಸಾಲು ಕೆಳಸಾಲಿನೊಡನೆ ಹೇಗೆ ಕೂಡುತ್ತದೆಂಬುದು ಗೋಚರಿಸುತ್ತದೆ. ಅಂಗುಳಿನ ಎರಡು ಅರ್ಧಗಳ ನಡುವಣ ಸಂದು ಇನ್ನೂ ಗಟ್ಟಿಯಾಗಿ ಬೆಸೆದಿರುವುದಿಲ್ಲ. ಕಿರಿದಾದ ಅಂಗುಳನ್ನು ತಿರುಪಿನ ಸಾಧನದಿಂದ ಹಿಗ್ಗಿಸಬಹುದು. ಪ್ರಾಯ ಬಲಿತ ಮೇಲೆ ಇದೇ ಕೆಲಸಕ್ಕೆ ಹಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಪರೀಕ್ಷೆಯೆಂದರೆ ಆಗಲೇ ತಂತಿ ಕಟ್ಟಿಸುವುದೆಂದರ್ಥವಲ್ಲ. ಮೇಲಿನ ಬಾಚಿಹಲ್ಲುಗಳ ನಡುವೆ ಬಿರುಕು ಕಂಡು ತಾಯಂದಿರು ವ್ಯರ್ಥವಾಗಿ ಹೆದರುವುದುಂಟು. ಕೋರೆಹಲ್ಲುಗಳು ಇಳಿದಾಗ ಅದು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅನೇಕ ಮಕ್ಕಳಿಗೆ ಬೇಕಾದುದು ಆಗಾಗ್ಗೆ ನೋಡುತ್ತಿರುವುದು ಮಾತ್ರ.

ಮನೆಯಲ್ಲಿ ಆರೇಳು ವರ್ಷದ ತಮ್ಮನೋ ತಂಗಿಯೋ ಇದ್ದರೆ ವಾಚಕರು ಮಗುವನ್ನು ಬೆಳಕಿಗೆ ನಿಲ್ಲಿಸಿ, ಹಿಂದಿನ ಹಲ್ಲುಗಳನ್ನು ಮೆಲ್ಲಗೆ ಕಚ್ಚಲು ಹೇಳಿ ನೋಡಬಹುದು. ಮೇಲಿನ ಹಲ್ಲು ಕೆಳಗಿನದರ ಒಳಬದಿಗೆ ಕುಳಿತರೆ, ಅಥವಾ ಕಚ್ಚುವಾಗ ಗದ್ದವು ಒಂದು ಪಕ್ಕಕ್ಕೆ ಜಾರಿದರೆ, ದಂತವೈದ್ಯರಿಗೆ ತೋರಿಸುವುದಕ್ಕೆ ತಡಮಾಡಲಾಗದು.