ಹಳೆಯ ಲಾರಿ ಖರೀದಿ: ಯಾವ ಎಂಜಿನ್ ಯಾರಿಗೆ ಸೂಕ್ತ?

ಮಾನ್ವಿಯ ಭತ್ತವನ್ನೂ ದೇವದುರ್ಗದ ಹತ್ತಿಯನ್ನೂ ರಾಯಚೂರಿಗೆ ಸಾಗಿಸಲು ಹಳೆಯ ಲಾರಿ ಕೊಳ್ಳುವ ವರ್ತಕರು ಸಾಮಾನ್ಯವಾಗಿ ಬೆಲೆ, ಮೈಲೇಜ್ ಹಾಗೂ ಟೈರುಗಳನ್ನು ನೋಡುತ್ತಾರೆ. ಆದರೆ ಎಂಜಿನ್ನಿನ ಭಾರತ್ ಸ್ಟೇಜ್ ಮಟ್ಟವು ತಮ್ಮ ದಿನನಿತ್ಯದ ಓಡಾಟಕ್ಕೆ ಹೊಂದುವುದೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು.

1. ಬಿಎಸ್-3: 2017ರ ಮಾರ್ಚ್ ಅಂತ್ಯದವರೆಗೆ ಮಾರಾಟವಾದ ಈ ಎಂಜಿನ್‌ಗಳ ರಚನೆ ಸರಳ, ದುರಸ್ತಿ ಸುಲಭ. ಆದರೆ ಎಂಟು ವರ್ಷ ದಾಟಿದ ಸರಕು ವಾಹನದ ಅರ್ಹತಾ ಪತ್ರವನ್ನು ಪ್ರತಿ ವರ್ಷವೂ ನವೀಕರಿಸಬೇಕು.

2. ಬಿಎಸ್-4: 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಕಡ್ಡಾಯವಾಯಿತು. ಕಾಮನ್ ರೈಲ್ ಇಂಜೆಕ್ಷನ್ ಉಳ್ಳ ಎಂಜಿನ್‌ಗೆ ಕಲಬೆರಕೆ ಡೀಸೆಲ್ ಮಾರಕ. ಇಂಜೆಕ್ಟರ್‌ಗಳನ್ನು ಪರೀಕ್ಷಿಸದೆ ಮುಂಗಡ ನೀಡಬಾರದು.

3. ಬಿಎಸ್-6: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರ ಡೀಸೆಲ್ ಎಂಜಿನ್‌ನಲ್ಲಿ ಹೊಗೆಯ ಮಸಿಯನ್ನು ತಡೆಯುವ ಫಿಲ್ಟರ್ ಇರುತ್ತದೆ. ದೀರ್ಘ ಓಟದ ಶಾಖದಲ್ಲಿ ಆ ಮಸಿ ಸುಟ್ಟುಹೋಗುತ್ತದೆ. ಗಿರಣಿ ಮತ್ತು ಮಾರುಕಟ್ಟೆ ಪ್ರಾಂಗಣದ ನಡುವಿನ ಅಲ್ಪ ದೂರದ ಓಡಾಟದಲ್ಲಿ ಅದು ಕಟ್ಟಿಕೊಂಡು ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ದೊಡ್ಡ ಲಾರಿಗಳಿಗೆ ಡಿಇಎಫ್ ಎಂಬ ಶುದ್ಧ ಯೂರಿಯಾ ದ್ರಾವಣವೂ ಬೇಕು. ಅದರ ಬದಲು ಗೊಬ್ಬರದ ಯೂರಿಯಾವನ್ನು ನೀರಿಗೆ ಬೆರೆಸಿ ತುಂಬಿದರೆ ದುಬಾರಿ ಭಾಗಗಳು ಹಾಳಾಗುತ್ತವೆ.

ಆದ್ದರಿಂದ ಹೈದರಾಬಾದ್, ಬೆಂಗಳೂರು ಮಾರ್ಗದ ನಿತ್ಯ ಸಾಗಣೆಗೆ ಬಿಎಸ್-6, ತಾಲ್ಲೂಕಿನೊಳಗಿನ ಓಡಾಟಕ್ಕೆ ಸುಸ್ಥಿತಿಯ ಬಿಎಸ್-4, ಸುಗ್ಗಿಯ ಕೆಲವೇ ತಿಂಗಳ ಬಳಕೆಗೆ ಬಿಎಸ್-3 ಸೂಕ್ತ. ಹತ್ತಿರದಲ್ಲಿ ದುರಸ್ತಿ ಸೌಲಭ್ಯವಿಲ್ಲದ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಲಾಗದು. ಸುಗ್ಗಿಯಲ್ಲಿ ಲಾರಿ ನಾಲ್ಕು ದಿನ ನಿಂತರೆ, ಖರೀದಿಯಲ್ಲಿ ಉಳಿಸಿದ ಹಣ ಬಾಡಿಗೆ ಲಾರಿಗೇ ವ್ಯಯವಾದೀತು.