ಮೈಕ್ ಕಂಡರೆ ಗಂಟಲು ಒಣಗುತ್ತದೆಯೇ?

ಪ್ರಶ್ನೆ: ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತೇನೆ. ಈ ಸಲ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲು ಎಂದು ಜೊತೆಯವರು ಒತ್ತಾಯಿಸುತ್ತಿದ್ದಾರೆ. ಮೈಕ್ ಕಂಡರೆ ಗಂಟಲು ಒಣಗುತ್ತದೆ. ‘ನನಗೇನು ಗೊತ್ತು’ ಎಂಬ ಅಳುಕು ಬೇರೆ. ಏನು ಮಾಡಲಿ?

ಉತ್ತರ: ಸಂಘದ ಹೆಂಗಸರು ತಮ್ಮ ಉಳಿತಾಯದ ಲೆಕ್ಕವನ್ನೇ ನಿಮ್ಮ ಕೈಗೆ ಕೊಟ್ಟಿದ್ದಾರೆ. ಆ ನಂಬಿಕೆಯನ್ನು ಕಡೆಗಣಿಸಬೇಡಿ. ‘ನಾನು ಯೋಗ್ಯಳಲ್ಲ, ಒಂದಲ್ಲ ಒಂದು ದಿನ ಬಣ್ಣ ಬಯಲಾಗುತ್ತದೆ’ ಎಂಬ ಭಾವವನ್ನು ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ಗುರುತಿಸಿದ್ದರು, ಅದೂ ಸಾಧನೆ ಮಾಡಿದ ಮಹಿಳೆಯರಲ್ಲಿ! ಅಳುಕಿದೆ ಎಂದ ಮಾತ್ರಕ್ಕೆ ಅರ್ಹತೆ ಇಲ್ಲವೆಂದಲ್ಲ.

ಗಂಟಲು ಒಣಗುವುದು, ಎದೆ ಡವಗುಟ್ಟುವುದು ಅಡ್ರಿನಲಿನ್ ಕೆಲಸ. ನಿಮಗೆ ಅನಿಸುವಷ್ಟು ಅದು ಎದುರಿನವರಿಗೆ ಕಾಣುವುದಿಲ್ಲ.

ಮೊದಲು ವಾರ್ಡ್ ಸಭೆಗೆ ಹೋಗಿ. ಒಂದೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ: ‘ನಮ್ಮ ಬೀದಿಯ ಚರಂಡಿಗೆ ಕ್ರಿಯಾಯೋಜನೆಯಲ್ಲಿ ಎಷ್ಟು ಹಣ ಇಟ್ಟಿದ್ದೀರಿ?’ ಮನೆಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಓದಿ. ಸಭೆಯಲ್ಲಿ ಎದ್ದು ನಿಂತು, ಉಸಿರು ಬಿಟ್ಟು, ಪರಿಚಿತರೊಬ್ಬರ ಮುಖ ನೋಡುತ್ತಾ ಕೇಳಿ. ದನಿ ನಡುಗಿದರೂ ಪ್ರಶ್ನೆ ಮುಗಿಸಿಯೇ ಕೂರಿ. ಯಾರಾದರೂ ಮರುಪ್ರಶ್ನೆ ಹಾಕಿ ಉತ್ತರ ತೋಚದಿದ್ದರೆ ‘ವಿಚಾರಿಸಿ ಹೇಳುತ್ತೇನೆ’ ಎನ್ನಿ. ಅದರಿಂದ ಮರ್ಯಾದೆ ಹೋಗುವುದಿಲ್ಲ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಶೇ 50ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೂ ಬೇಕಿಲ್ಲ. ಗೆದ್ದವರಿಗೆ ಕಾನೂನು, ಬಜೆಟ್ ಕಲಿಸಲು ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿ ಇದೆ. ಎಲ್ಲ ಕಲಿತೇ ನಿಲ್ಲಬೇಕೆಂದರೆ ಯಾರೂ ನಿಲ್ಲಲಾರರು. ನಾಮಪತ್ರದ ಮಾತು ಆಮೇಲೆ. ಮುಂದಿನ ವಾರ್ಡ್ ಸಭೆ ಯಾವತ್ತು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ನಾಳೆಯೇ ಕೇಳಿ.