ಮೆಳ್ಳಗಣ್ಣಿನ ಗಾಬ್ಲಿನ್

ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿಯಲ್ಲಿರುವ ನಮ್ಮ ಮನೆಯ ಊಟದ ಮೇಜು ಶನಿವಾರದ ಸಂಜೆ ಊಟಕ್ಕೆ ದೊರೆಯುವುದಿಲ್ಲ. ನನ್ನ ಮಗನೂ ಅವನ ಗೆಳೆಯರೂ ಅದರ ಮೇಲೆ ಚೌಕಳಿಯ ಹಾಸೊಂದನ್ನು ಹರಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಮಗ್ನರಾಗಿರುತ್ತಾರೆ. ಕಥೆಯನ್ನು ನಡೆಸತಕ್ಕ ಡಂಜನ್ ಮಾಸ್ಟರನ ಪದವಿಯು, ವಯಸ್ಸಿನ ಕಾರಣದಿಂದಲೋ ಮನೆ ನನ್ನದೆಂಬ ದಾಕ್ಷಿಣ್ಯದಿಂದಲೋ, ನನ್ನ ಪಾಲಿಗೆ ಬಂದಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ ಈ ಆಟವು 1974ರಲ್ಲಿ ಹೊರಬಿದ್ದುದು ಇದೇ ಸಂಸ್ಥಾನದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ. ಆದಕಾರಣ ಇಲ್ಲಿಯ ಹಳೆಯ ಆಟಗಾರರು ಅದರ ಮಾತೆತ್ತಿದಾಗ ಸ್ಥಳಪುರಾಣ ಹೇಳುವ ಅರ್ಚಕರ ಗಾಂಭೀರ್ಯವನ್ನು ತಾಳುವುದುಂಟು.

ಆಟಕ್ಕೆ ಗೊಂಬೆಗಳು ಅನಿವಾರ್ಯವೇನೂ ಅಲ್ಲ. ಮಾತು ಮತ್ತು ದಾಳಗಳಿದ್ದರೆ ಸಾಕು. ಆದರೆ ಒಂದಂಗುಲದ ಚೌಕಕ್ಕೆ ಐದಡಿ ನೆಲವೆಂಬ ಲೆಕ್ಕದಲ್ಲಿ ಒಬ್ಬೊಬ್ಬನಿಗೂ ಒಂದೊಂದು ಪ್ರತಿಮೆಯನ್ನು ನಿಲ್ಲಿಸಿದ ದಿನದಿಂದ, "ನಾನು ಕಂಬದ ಮರೆಯಲ್ಲಿದ್ದೆ", "ಇಲ್ಲ, ನೀನು ಬಾಗಿಲಲ್ಲೇ ನಿಂತಿದ್ದೆ" ಎಂಬ ವ್ಯಾಜ್ಯಗಳು ನಮ್ಮ ಮೇಜಿನಿಂದ ತಾವಾಗಿಯೇ ನಿವೃತ್ತವಾದುವು. ಹಿಂದಿನವರು ಲೋಹದ ಗೊಂಬೆಗಳನ್ನು ಕೊಂಡು, ಸೂಜಿಮೊನೆಯಂಥ ಕುಂಚದಿಂದ ತಾವೇ ಬಣ್ಣ ಹಚ್ಚುತ್ತಿದ್ದರು. ಅಷ್ಟು ಸಹನೆಯಿಲ್ಲದ ನನ್ನಂಥವರಿಗಾಗಿ, ಕಾರ್ಖಾನೆಯಲ್ಲೇ ಬಣ್ಣ ಬಳಿದ ಪ್ಲಾಸ್ಟಿಕ್ ಗೊಂಬೆಗಳನ್ನು ವಿಜ್‌ಕಿಡ್ಸ್ ಕಂಪನಿಯು 2000ದಲ್ಲಿ ಮೇಜ್ ನೈಟ್ ಎಂಬ ಆಟದ ಮೂಲಕ ಜನಪ್ರಿಯಗೊಳಿಸಿತು. 2003ರಲ್ಲಿ ನಮ್ಮ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯು 80 ಗೊಂಬೆಗಳ ಹಾರ್ಬಿಂಜರ್ ಎಂಬ ಸಂಚಯದೊಂದಿಗೆ ಅದೇ ದಾರಿ ಹಿಡಿಯಿತು. ಒಳಗೇನಿದೆಯೆಂದು ತೆರೆಯುವ ತನಕ ತಿಳಿಯದ ಬೂಸ್ಟರ್ ಪೆಟ್ಟಿಗೆಯಲ್ಲಿ ಎಂಟು ಗೊಂಬೆ: ನಾಲ್ಕು ಸಾಮಾನ್ಯ, ಮೂರು ವಿರಳ, ಒಂದು ಅತಿವಿರಳ.

ಈ ಅತಿವಿರಳವೆಂಬುದರ ಮಹಿಮೆಯನ್ನು ನಾನು ಅರಿತುಕೊಂಡದ್ದು ನಿಧಾನವಾಗಿ. ನಡುವೆ ಒಂದು ಹಿರಿಗಣ್ಣನ್ನೂ ನೆತ್ತಿಯ ಮೇಲಿನ ದಂಟುಗಳ ತುದಿಯಲ್ಲಿ ಹತ್ತು ಕಿರುಗಣ್ಣುಗಳನ್ನೂ ಹೊತ್ತ ಬಿಹೋಲ್ಡರ್ ಎಂಬ ರಾಕ್ಷಸನಿಗೆ ಸಂಗ್ರಾಹಕರು ಎಷ್ಟಾದರೂ ತೆರಲು ಸಿದ್ಧರು. ಆದರೆ ಅವನು ನಮ್ಮ ಕಥೆಗೆ ಬರುವುದು ವರ್ಷಕ್ಕೊಮ್ಮೆ, ಬಂದ ಸಂಜೆಯೇ ಹತನಾಗಿ ಮರಳಿ ಕಪಾಟು ಸೇರುತ್ತಾನೆ. ವಾರವಾರವೂ ನನಗೆ ಬೇಕಾಗುವವರು ಗಾಬ್ಲಿನ್ನರೆಂಬ ಕುಳ್ಳ ರಕ್ಕಸರು, ತೋಳಗಳು, ಅಸ್ಥಿಪಂಜರಗಳು, ಅದೂ ಹಿಂಡುಹಿಂಡಾಗಿ; ಯಾರನ್ನು ಸಂಗ್ರಾಹಕನು 'ಮತ್ತೆ ಇದೇ ಬಂತು' ಎಂದು ಗೊಣಗಿ ಬದಿಗೊತ್ತುವನೋ, ಅಂಗಡಿಯವನು ಡಬ್ಬಿಯಲ್ಲಿ ಸುರಿದು ಚಿಲ್ಲರೆ ಕಾಸಿಗೆ ಮಾರುವನೋ, ಅವರೇ. ಮುಚ್ಚಿದ ಪೆಟ್ಟಿಗೆಯನ್ನು ಬಿಟ್ಟು ಬಿಡಿಗೊಂಬೆಗಳ ಡಬ್ಬಿಗೆ ಕೈಹಾಕಿದ ಮೇಲೆ ನನ್ನ ಸೈನ್ಯವೂ ಬೆಳೆಯಿತು, ಮನೆಯಾಕೆಯ ಮುಖವೂ ಪ್ರಸನ್ನವಾಯಿತು. ಈಚೆಗೆ ಒಳಗಿರುವುದನ್ನು ಮೇಲೆಯೇ ತೋರಿಸುವ ಪೆಟ್ಟಿಗೆಗಳೂ ಬಂದಿವೆ. ತಡವಾದರೂ ಬಂದ ಬುದ್ಧಿ ಎನ್ನೋಣ.

ಇದರಲ್ಲಿ ಇನ್ನೊಂದು ತಮಾಷೆಯುಂಟು. ಗೂಬೆಯ ಮೋರೆ, ಕರಡಿಯ ಮೈ ಉಳ್ಳ ಔಲ್‌ಬೇರ್ ಈ ಆಟದ ಪ್ರಸಿದ್ಧ ಮೃಗಗಳಲ್ಲೊಂದು. ಅದರ ಮೂಲವಾದರೋ, ಹಾಂಕಾಂಗಿನಲ್ಲಿ ತಯಾರಾಗಿ 'ಪ್ರಾಗೈತಿಹಾಸಿಕ ಪ್ರಾಣಿಗಳು' ಎಂಬ ಹೆಸರಿನಲ್ಲಿ ಚೀಲಗಟ್ಟಲೆ ಮಾರಾಟವಾಗುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು. ಯಾವ ಪ್ರಾಣಿಶಾಸ್ತ್ರಕ್ಕೂ ಒಗ್ಗದ ಆ ವಿಕಾರಗಳಿಗೆ ಗೈಗ್ಯಾಕ್ಸ್ ತನ್ನ ಆಟದಲ್ಲಿ ಹೆಸರನ್ನೂ ಸ್ವಭಾವವನ್ನೂ ಕೊಟ್ಟ. ಕಬ್ಬಿಣವನ್ನು ತಿನ್ನುವ ರಸ್ಟ್ ಮಾನ್‌ಸ್ಟರ್ ಕೂಡ ಅದೇ ಚೀಲದ ಕೂಸು. ಇಂದು ಅವುಗಳ ವಿರಳತೆಗೆ ಬೆಲೆ ಕಟ್ಟುವವರನ್ನು ಕಂಡಾಗ ನನಗೆ ಆ ಚೀಲ ನೆನಪಾಗುತ್ತದೆ.

ಬಳಕೆಯ ಗೊಂಬೆಗೆ ಆರೈಕೆಯೂ ಬೇಕು. ಮೆತುವಾದ ಪಿವಿಸಿ ಪ್ಲಾಸ್ಟಿಕ್ಕಿನದಾದ್ದರಿಂದ, ಪೆಟ್ಟಿಗೆಯಿಂದ ಹೊರಬರುವಾಗಲೇ ಭರ್ಜಿಯು ಸೊಟ್ಟಗಾಗಿರುತ್ತದೆ. ಬರಿಗೈಯಿಂದ ನೆಟ್ಟಗೆ ಮಾಡಹೊರಟರೆ ಮರುದಿನ ಮತ್ತೆ ಯಥಾಸ್ಥಿತಿ. ಕುದಿಯಿಳಿದ ಬಿಸಿನೀರಿನಲ್ಲಿ ಚಿಮಟದಿಂದ ಹಿಡಿದು ಕೆಲವು ಕ್ಷಣ ಅದ್ದಿ, ಮೆದುವಾದೊಡನೆ ಬೆರಳಿನಿಂದ ತಿದ್ದಿ, ಹಾಗೆಯೇ ಹಿಡಿದುಕೊಂಡು ಐಸ್ ನೀರಿನ ಬಟ್ಟಲಿಗಿಳಿಸಿದರೆ ಭರ್ಜಿಯು ಹೇಳಿದ ಮಾತು ಕೇಳುತ್ತದೆ. ಬಣ್ಣ ತೀರ ಪೇಲವವೆನಿಸಿದರೆ, ನೀರಿನಲ್ಲಿ ತೆಳುಮಾಡಿದ ಕಂದು ಆಕ್ರಿಲಿಕ್ಕನ್ನು ಒಮ್ಮೆ ಮೇಲೆ ಹರಿಯಬಿಡಬೇಕು. ಅದು ನೆರಿಗೆಗಳಲ್ಲಿ ನಿಂತು ಒಣಗಿದ ಮೇಲೆ, ಚಪ್ಪಟೆಯಾಗಿದ್ದ ಕವಚಕ್ಕೂ ಗಡ್ಡಕ್ಕೂ ನೆರಳುಬೆಳಕು ಬರುತ್ತದೆ.

ಕಣ್ಣುಗಳ ಲೋಪವನ್ನು ಮಾತ್ರ ನಾನು ತಿದ್ದಲು ಹೋಗುವುದಿಲ್ಲ. ಸಾವಿರಾರು ಮುಖಗಳ ಮೇಲೆ ಅವಸರದಲ್ಲಿ ಬೀಳುವ ಆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಒಮ್ಮೊಮ್ಮೆ ಕೆನ್ನೆಯ ಮೇಲೆ ಬೀಳುತ್ತವೆ. ಅಂಥ ಗಾಬ್ಲಿನ್ ಒಬ್ಬ ನಮ್ಮ ಡಬ್ಬಿಯಲ್ಲಿದ್ದ. ಕಣಿವೆಯೊಂದರ ಕಾಳಗದಲ್ಲಿ, ಇನ್ನೇನು ಅವನ ಸರದಿ ಬಂತೆನ್ನುವಾಗ, ನನ್ನ ಮಗ ಅವನನ್ನೆತ್ತಿ ದೀಪಕ್ಕೆ ಹಿಡಿದು, "ಅಪ್ಪಾ, ಈ ಮೆಳ್ಳಗಣ್ಣನನ್ನು ನಾವು ಕೊಲ್ಲೋದಿಲ್ಲ, ಮಾತಾಡಿಸ್ತೀವಿ" ಎಂದ. ನಾನು ಅವನಿಗೆ ಸಿದ್ಧಪಡಿಸಿದ್ದು ಸಾವನ್ನೇ ಹೊರತು ಸಂಭಾಷಣೆಯನ್ನಲ್ಲ. ಆದರೂ ಹೇಗೋ ಒಂದು ಕೀರಲು ದನಿ ಹೊರಡಿಸಿದೆ. ಅಂದಿನಿಂದ ಅವನು ಆ ತಂಡದ ದೀವಟಿಗೆಯವನು. ಕನ್ನಡದ ಗಂಧವಿಲ್ಲದ ಅಮೆರಿಕನ್ ಹುಡುಗರೂ ಅವನನ್ನು 'ಮೆಳ್ಳ' ಎಂದೇ ಕರೆಯುತ್ತಾರೆ, ಸಿಕ್ಕಿದ ನಿಧಿಯಲ್ಲಿ ಅವನ ಪಾಲನ್ನು ನಾನು ಮರೆತರೆ ಆಟ ನಿಲ್ಲಿಸಿ ಜಗಳಕ್ಕೆ ನಿಲ್ಲುತ್ತಾರೆ.